ಬೀಸಣಿಗೆಯೋ ಸೋರೆಕಾಯಿಯೋ

ನಾನು ಓಡಿಸುವುದು ಫ್ಯಾನ್ ವಿಮಾನ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ನಮ್ಮ ಕಡೆ ಯಾರ ಪರಿಚಯವಾದರೂ ಮೂರನೇ ಮಾತಿಗೆ ಅದೇ ಬರುತ್ತದೆ. "ಪೈಲಟ್ಟಾ? ಯಾವ್ದು, ದೊಡ್ಡದಾ?" ಎನ್ನುತ್ತಾರೆ. ಎಪ್ಪತ್ತು ಜನ ಕೂರುವಂಥದ್ದು ಎಂದರೆ ಮುಖ ಸ್ವಲ್ಪ ಇಳಿಯುತ್ತದೆ. ಇಳಿಯದೆ ಏನು ಮಾಡೀತು, ಸೋಮವಾರ ಬೆಳಿಗ್ಗೆ ತುರುವೇಕೆರೆಯಿಂದ ತಿಪಟೂರಿಗೆ ಹೋಗುವ ಬಸ್ಸಿನಲ್ಲೇ ಅದಕ್ಕಿಂತ ಹೆಚ್ಚು ಜನ ಇರುತ್ತಾರೆ. ರೆಕ್ಕೆಯ ಮುಂದೆ ಫ್ಯಾನ್ ತಿರುಗುತ್ತದಲ್ಲ, ಅದು ಎಂದರೆ ಮುಖ ಪೂರ್ತಿ ಇಳಿದುಹೋಗುತ್ತದೆ. ಒಳ್ಳೆಯ ಮನಸ್ಸಿನವರು, "ಇರ್ಲಿ ಬುಡಿ, ಮುಂದೆ ದೊಡ್ಡದು ಸಿಕ್ತದೆ" ಎಂದು ಸಮಾಧಾನವನ್ನೂ ಹೇಳುತ್ತಾರೆ. ನನಗೆ ಮೂಗಿನ ತುದಿಯಲ್ಲೇ ಕೋಪ. ಆ ಸಮಾಧಾನ ಕೇಳಿದಾಗಲೆಲ್ಲ ಎದ್ದು ಹೋಗಿ ಕೈಕಾಲು ತೊಳೆದುಕೊಂಡು ಬರುತ್ತೇನೆ.

ಮಾಯಸಂದ್ರದ ಈಚೆ, ತೋಟಗಳ ನಡುವೆ ಇರುವುದು ನಮ್ಮೂರು. ಅಪ್ಪ ತೆಂಗು ಬೆಳೆಯುತ್ತಾರೆ, ಕೊಬ್ಬರಿ ಮಾಡಿ ತಿಪಟೂರಿಗೆ ಹಾಕುತ್ತಾರೆ. ಅವ್ವ ಮನೆ ನೋಡಿಕೊಳ್ಳುತ್ತಾಳೆ. ಜೊತೆಗೆ ಮನೆಯವರೆಲ್ಲರ ಪರವಾಗಿ ದೇವರ ಹತ್ತಿರ ವ್ಯವಹಾರ ನಡೆಸುವುದೂ ಅವಳೇ. ನಾನು ವಿಮಾನದ ಶಾಲೆಗೆ ಸೇರಿದ್ದು, ಪಾಸಾದದ್ದು, ಕೆಲಸ ಸಿಕ್ಕಿದ್ದು ಎಲ್ಲವೂ ಅವಳ ಲೆಕ್ಕದಲ್ಲಿ ಊರಿನ ಅಮ್ಮನೋರ ಅಪ್ಪಣೆಯಿಂದಲೇ ಆದದ್ದು. ಓದಿ ಕಣ್ಣು ಕೆಂಪು ಮಾಡಿಕೊಂಡವನು ನಾನು, ಅದನ್ನು ಹೇಳಿದರೆ, "ಓದೋ ಬುದ್ಧಿ ಕೊಟ್ಟೋರ್ಯಾರು?" ಎಂದು ಬಾಯಿ ಮುಚ್ಚಿಸುತ್ತಾಳೆ.

ಆರು ವರ್ಷ ನಾನು ಬಲಗಡೆಯ ಸೀಟಿನಲ್ಲಿ ಕೂತೆ. ವಿಮಾನದ ಮುಂಭಾಗದಲ್ಲಿ ಎರಡು ಸೀಟು. ಎಡಗಡೆಯದು ಕ್ಯಾಪ್ಟನ್ನಿಗೆ, ಬಲಗಡೆಯದು ಫಸ್ಟ್ ಆಫೀಸರಿಗೆ. ಓಡಿಸುವುದು ಇಬ್ಬರೂ ಓಡಿಸುತ್ತಾರೆ, ಒಂದು ಸಲ ಅವರು, ಒಂದು ಸಲ ನಾವು. ಆದರೆ ಏನೇ ಆಗಲಿ, ಕೊನೆಯ ಮಾತು ಎಡಗಡೆಯವರದು. ಆರನೇ ವರ್ಷದ ಕೊನೆಗೆ ನನ್ನ ಕಂಪನಿಯವರು, ಬಾ, ಕ್ಯಾಪ್ಟನ್ ಆಗುವ ತರಬೇತಿಗೆ ಸೇರಿಕೋ ಎಂದು ಬರೆದರು. ಅಂದರೆ ಅದೇ ಫ್ಯಾನ್ ವಿಮಾನ, ಆದರೆ ಎಡಗಡೆಯ ಸೀಟು. ನಮ್ಮ ಭಾಷೆಯಲ್ಲಿ ಅದಕ್ಕೆ ಕಮಾಂಡ್ ಎನ್ನುತ್ತಾರೆ. ಅದೇ ಹದಿನೈದು ದಿನದಲ್ಲಿ ಇನ್ನೊಂದು ಕಂಪನಿಯಿಂದಲೂ ಪತ್ರ ಬಂತು. ಹಿಂದಿನ ವರ್ಷ ನಾನು ಪರೀಕ್ಷೆ ಬರೆದು ಮರೆತಿದ್ದ ಕಂಪನಿ ಅದು. ಜೆಟ್ ವಿಮಾನ, ಫಸ್ಟ್ ಆಫೀಸರ್, ಮತ್ತೆ ಬಲಗಡೆಯ ಸೀಟು. ಅಲ್ಲಿ ಕ್ಯಾಪ್ಟನ್ ಆಗಲು ಸರದಿ ಉದ್ದ, ಐದು ವರ್ಷವೋ ಆರು ವರ್ಷವೋ ಯಾರೂ ಗ್ಯಾರಂಟಿ ಕೊಡುವುದಿಲ್ಲ. ಎರಡಕ್ಕೂ ಉತ್ತರ ಕೊಡಬೇಕಾದದ್ದು ಒಂದೇ ಶುಕ್ರವಾರ, ಸಂಜೆ ಐದರೊಳಗೆ.

ಸೀನಿಯರ್‌ಗಳನ್ನು ಕೇಳಿದೆ. ಒಬ್ಬರು, ಕಮಾಂಡ್ ಬಿಡಬೇಡ, ಸ್ವಂತ ಜವಾಬ್ದಾರಿಯಲ್ಲಿ ಹಾರಿಸಿದ ಒಂದೊಂದು ಗಂಟೆಗೂ ಮುಂದೆ ಬೆಲೆ ಇದೆ ಎಂದರು. ಇನ್ನೊಬ್ಬರು, ಈಗ ಜೆಟ್ಟಿಗೆ ಹೋಗದಿದ್ದರೆ ಫ್ಯಾನಿಗೇ ಅಂಟಿಕೊಂಡು ಮುದುಕನಾಗುತ್ತೀಯ ಎಂದರು. ಇಬ್ಬರ ಮಾತಿನಲ್ಲೂ ಅರ್ಥವಿತ್ತು, ಹಾಗಾಗಿ ಎರಡೂ ಉಪಯೋಗಕ್ಕೆ ಬರಲಿಲ್ಲ. ನಾನು ಎಲ್ಲರಿಗೂ, "ಜೆಟ್ಟೇ ವಾಸಿ ಅನ್ಸುತ್ತೆ, ಭವಿಷ್ಯ ಇದೆ" ಎಂದು ಹೇಳಿಕೊಂಡು ಓಡಾಡಿದೆ.

ಅದು ಸುಳ್ಳು. ಸುಳ್ಳು ಅಂತ ನನಗೆ ಗೊತ್ತಿತ್ತು.

ನಿಜ ಇಷ್ಟು. ಆ ವರ್ಷದ ಆಷಾಢದಲ್ಲಿ ಒಂದು ಮಧ್ಯಾಹ್ನ ಒಂದು ಪುಟ್ಟ ವಿಮಾನ ನಿಲ್ದಾಣದಲ್ಲಿ ಇಳಿಯುತ್ತಿದ್ದೆವು. ಅಡ್ಡಗಾಳಿ ಜೋರಿತ್ತು. ಓಡಿಸುತ್ತಿದ್ದವನು ನಾನು. ಪಕ್ಕದಲ್ಲಿದ್ದ ಕ್ಯಾಪ್ಟನ್ ಶಾಂತವಾಗಿ, "ನಿನ್ನ ಕೈಯಲ್ಲೇ ಇದೆ. ಇಳಿಸ್ತೀಯೋ, ಮತ್ತೆ ಮೇಲಕ್ಕೆ ಹೋಗಿ ಇನ್ನೊಂದು ಸಲ ಬರೋಣವೋ? ನೀನು ಹೇಳಿದಂಗೆ" ಎಂದರು. ನನ್ನ ಬಾಯಿ ಒಣಗಿಹೋಯಿತು. "ನೀವೇ ಹೇಳಿ ಸರ್" ಎಂದೆ. ಅವರು ಒಂದು ಕ್ಷಣವೂ ತಡ ಮಾಡದೆ ವಿಮಾನವನ್ನು ತಮ್ಮ ಕೈಗೆ ತೆಗೆದುಕೊಂಡು ಮೇಲಕ್ಕೆ ಏರಿಸಿ, ಒಂದು ಸುತ್ತು ಹಾಕಿ, ಎರಡನೇ ಸಲಕ್ಕೆ ಇಳಿಸಿದರು. ಬಯ್ಯಲಿಲ್ಲ. ಆಮೇಲೆ ಕಾಫಿ ಕುಡಿಯುವಾಗ, "ಎರಡರಲ್ಲಿ ಯಾವುದು ಹೇಳಿದ್ರೂ ಸರಿಯಾಗ್ತಿತ್ತು" ಎಂದರು ಅಷ್ಟೆ. ಬೈದಿದ್ದರೆ ಮರೆತುಬಿಡುತ್ತಿದ್ದೆನೋ ಏನೋ. ಅದಾದ ಮೇಲೆ ಎಡಗಡೆಯ ಸೀಟು ನೋಡಿದರೆ ನನಗೆ ಹೆದರಿಕೆ. ಅಲ್ಲಿ ಕೂತವನಿಗೆ "ನೀವೇ ಹೇಳಿ ಸರ್" ಎನ್ನಲು ಪಕ್ಕದಲ್ಲಿ ಯಾರೂ ಇರುವುದಿಲ್ಲ. ಜೆಟ್ಟಿಗೆ ಹೋದರೆ ಇನ್ನೂ ಐದಾರು ವರ್ಷ ಬಲಗಡೆ ಕೂತಿರಬಹುದು, ಅದೂ ಊರವರೆಲ್ಲ ಮೆಚ್ಚುವ ಹಾಗೆ! ಇದಕ್ಕಿಂತ ಒಳ್ಳೆಯ ಅಡಗುವ ಜಾಗ ಎಲ್ಲಿ ಸಿಗುತ್ತದೆ?

ಇದನ್ನು ಯಾರಿಗೂ ಹೇಳದೆ, ಆ ಶುಕ್ರವಾರಕ್ಕೆ ಎರಡು ದಿನ ಮೊದಲು ರಜೆ ಹಾಕಿ, ಅಮ್ಮಸಂದ್ರದಲ್ಲಿ ರೈಲು ಇಳಿದು ಊರಿಗೆ ಬಂದೆ. ಸ್ಟೇಷನ್ನಿಗೆ ಬಂದು ಕರೆದುಕೊಂಡು ಹೋದವನು ಮಾವ, ಅವ್ವನ ತಮ್ಮ. ತುರುವೇಕೆರೆಯಲ್ಲಿ ಪಂಪಿನ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತಿ ರಿಪೇರಿ ಮಾಡುವ ಅಂಗಡಿ ಇಟ್ಟಿದ್ದಾನೆ. ನನಗಿಂತ ಹದಿನಾಲ್ಕು ವರ್ಷಕ್ಕೆ ದೊಡ್ಡವನಾದರೂ ಮಾತು ಸಮಸಮ. ಬೈಕಿನಲ್ಲಿ ಬರುವಾಗ ಅವನಿಗೆ ಎರಡು ಪತ್ರಗಳ ವಿಷಯ ವಿವರಿಸಿದೆ.

"ಫ್ಯಾನ್ ಇಲ್ದೆ ಜೆಟ್ಟು ಮುಂದಕ್ಕೆ ಹೆಂಗ್ಲಾ ಹೋಯ್ತದೆ?" ಎಂದ.

"ಅದ್ರಲ್ಲೂ ಫ್ಯಾನ್ ಇರುತ್ತೆ ಮಾವ. ಒಳಗಡೆ, ಡಬ್ಬದೊಳಗೆ ಇರುತ್ತೆ. ನಮ್ಮದರಲ್ಲಿ ಹೊರಗಡೆ ಕಾಣುತ್ತೆ."

ಮಾವ ಬೈಕ್ ನಿಲ್ಲಿಸಿಯೇ ನಕ್ಕ. "ಹಂಗಾದ್ರೆ ಎರಡೂ ಫ್ಯಾನೇ ಅನ್ನು. ಒಂದು ಪ್ಯಾಂಟ್ ಹಾಕ್ಕಂಡದೆ, ಇನ್ನೊಂದು ಚಡ್ಡೀಲಿದೆ. ಅದಕ್ಕೇನ್ಲಾ ಇಷ್ಟು ಯೋಚ್ನೆ?"

ಆರು ವರ್ಷದಲ್ಲಿ ನನ್ನ ಕೆಲಸದ ಬಗ್ಗೆ ಊರಲ್ಲಿ ಕೇಳಿದ ಮಾತುಗಳಲ್ಲಿ ಇಷ್ಟು ಸರಿಯಾದದ್ದು ಇನ್ನೊಂದಿಲ್ಲ. ಇಬ್ಬರೂ ದಾರಿಯುದ್ದಕ್ಕೂ ನಗುತ್ತ ಬಂದೆವು.

ಮನೆಗೆ ಬಂದು ನೋಡಿದರೆ ಅವ್ವ ಆಗಲೇ ಎಲ್ಲ ತೀರ್ಮಾನ ಮಾಡಿಬಿಟ್ಟಿದ್ದಳು. ಶುಕ್ರವಾರ ಬೆಳಿಗ್ಗೆ ಅಮ್ಮನೋರನ್ನು ಕೇಳುವುದು. ಏನು ಅಪ್ಪಣೆಯಾಗುತ್ತದೋ ಹಾಗೆ.

ನಮ್ಮ ಸೀಮೆಯ ಈ ಪದ್ಧತಿ ಗೊತ್ತಿಲ್ಲದವರಿಗೆ ಒಂದೆರಡು ಮಾತು ಹೇಳಬೇಕು. ನಮ್ಮೂರ ಅಮ್ಮನೋರು ಗುಡಿಯಲ್ಲಿ ಸುಮ್ಮನೆ ಕೂರುವ ದೇವರಲ್ಲ. ಎರಡು ಉದ್ದನೆಯ ಮರದ ಅಡ್ಡೆಗಳು, ಅವುಗಳ ನಡುವೆ ಒಂದು ಪೀಠ, ಪೀಠದ ಮೇಲೆ ಸೀರೆ ಉಟ್ಟು ಹೂವು ಮುಡಿದ ಅಮ್ಮನೋರು. ಮುಂದೆ ಒಬ್ಬ, ಹಿಂದೆ ಒಬ್ಬ ಹೆಗಲು ಕೊಡುತ್ತಾರೆ. ತಮಟೆ ಬಡಿಯುತ್ತಿದ್ದ ಹಾಗೆ ಅಮ್ಮನೋರು ಏಳುತ್ತಾಳೆ, ತೂಗುತ್ತಾಳೆ, ನಡೆಯುತ್ತಾಳೆ, ಕೆಲವು ಸಲ ಹೊತ್ತವರನ್ನು ಓಡಿಸಿಯೂ ಬಿಡುತ್ತಾಳೆ. ಯಾರಾದರೂ ಪ್ರಶ್ನೆ ಕೇಳಿದರೆ ಎದುರಿಗೆ ಇಟ್ಟ ಎರಡು ವಸ್ತುಗಳಲ್ಲಿ ಒಂದರ ಮುಂದೆ ಹೋಗಿ ತಲೆ ಬಾಗಿಸಿ ತೋರಿಸುತ್ತಾಳೆ. ಬೋರ್‌ವೆಲ್ ಎಲ್ಲಿ ಕೊರೆಸಬೇಕು, ಮಗಳಿಗೆ ಈ ಗಂಡೋ ಆ ಗಂಡೋ, ಮನೆಯ ಬಾಗಿಲು ಯಾವ ದಿಕ್ಕಿಗೆ, ಎಲ್ಲವೂ ಹೀಗೇ ಇತ್ಯರ್ಥ. ಹೊರುವವರಿಗೆ ಒಂದೇ ಕಟ್ಟುನಿಟ್ಟು: ಹೊರಬೇಕು, ನಡೆಸಬಾರದು. ಅಮ್ಮನೋರು ಎತ್ತ ಎಳೆದರೆ ಅತ್ತ ಹೋಗಬೇಕು. ತನ್ನ ಇಷ್ಟಕ್ಕೆ ಅಡ್ಡೆ ತಿರುಗಿಸಿದವನಿಗೆ ನಮ್ಮೂರಲ್ಲಿ ಮುಖ ಎತ್ತಿಕೊಂಡು ಓಡಾಡಲು ಆಗುವುದಿಲ್ಲ.

ಮಾವ ಇಪ್ಪತ್ತು ವರ್ಷದಿಂದ ಮುಂದಿನ ಅಡ್ಡೆಯವನು. ನಾನೂ ಕಾಲೇಜಿಗೆ ಹೋಗುವಾಗ ಎರಡು ವರ್ಷ ಹಿಂದಿನ ಅಡ್ಡೆಗೆ ಹೆಗಲು ಕೊಟ್ಟವನೇ. ಆ ದಿನಗಳಲ್ಲಿ ಹೆಗಲ ಮೇಲಿನ ಆ ಎಳೆತ ಎಲ್ಲಿಂದ ಬರುತ್ತದೆ ಎಂದು ನನಗೆ ಗೊತ್ತಾಗುತ್ತಿರಲಿಲ್ಲ. ಈಗಲೂ ಗೊತ್ತಿಲ್ಲ. ವಿಜ್ಞಾನ ಓದಿದ್ದೇನೆ, ಗಾಳಿಯ ಲೆಕ್ಕ ಬರುತ್ತದೆ, ಆದರೆ ಆ ಲೆಕ್ಕ ಮಾತ್ರ ನನ್ನ ಪುಸ್ತಕದಲ್ಲಿ ಇರಲಿಲ್ಲ.

ಗುರುವಾರವೆಲ್ಲ ಅವ್ವನಿಗೆ ಒಂದೇ ಚಿಂತೆ, ಎದುರಿಗೆ ಏನು ಇಡುವುದು ಅಂತ.

"ಚೀಟಿ ಬರೆದು ಇಡವ್ವ" ಎಂದೆ.

"ಜೆಟ್ಟು ಗಿಟ್ಟು ಅಂತ ಬರೆದ್ರೆ ಅಮ್ಮನೋರಿಗೆ ಏನು ತಿಳೀತದೆ? ಕಣ್ಣಿಗೆ ಕಾಣೋ ಹಂಗೆ ಇಡಬೇಕು ಕಣಪ್ಪ."

ಫ್ಯಾನ್ ವಿಮಾನಕ್ಕೆ ಬೀಸಣಿಗೆ ಎಂದು ಬೇಗ ತೀರ್ಮಾನವಾಯಿತು. ಅಡುಗೆಮನೆಯಲ್ಲಿ ಒಲೆಗೆ ಬೀಸಿ ಬೀಸಿ ಅಂಚು ಸುಟ್ಟಿದ್ದ ಬೀಸಣಿಗೆ ಬೇಡವೆಂದು ಮಾಯಸಂದ್ರದ ಅಂಗಡಿಯಿಂದ ಹೊಸದನ್ನೇ ತರಿಸಿದಳು. ಜೆಟ್ಟಿಗೆ ಏನು? ಸಂಜೆಯವರೆಗೂ ಹೊಳೆಯಲಿಲ್ಲ. ಜೆಟ್ ಹೇಗಿರುತ್ತದೆ ಎಂದು ಕೇಳಿದಳು. ಉದ್ದಕ್ಕೆ, ನುಣ್ಣಗೆ, ಹೊಟ್ಟೆ ದಪ್ಪ, ಮೂಗು ಮೊಂಡು ಎಂದೆ. ಅವಳು ಹಿತ್ತಲಿಗೆ ಹೋಗಿ ಚಪ್ಪರದಿಂದ ಒಂದು ಸೋರೆಕಾಯಿ ಕಿತ್ತು ತಂದು ನನ್ನ ಮುಂದೆ ಹಿಡಿದಳು. ನಿಜವಾಗಲೂ ಜೆಟ್ಟಿನ ಹಾಗೇ ಇತ್ತು. ಸೋರೆಕಾಯಿಗೆ ಎರಡು ರೆಕ್ಕೆ ಅಂಟಿಸಿದರೆ ಅಂತರರಾಷ್ಟ್ರೀಯ ಪ್ರಯಾಣಕ್ಕೆ ಕಳಿಸಬಹುದಿತ್ತು. ಅಪ್ಪ ಊಟಕ್ಕೆ ಕೂತವರು ಅದನ್ನು ನೋಡಿ, "ಇದರಲ್ಲಿ ಎಷ್ಟು ಜನ ಕೂರ್ತಾರೆ?" ಎಂದು ಕೇಳಿ, ಅವ್ವನ ಕೈಲಿ ಬೈಸಿಕೊಂಡರು.

ಶುಕ್ರವಾರ ಬೆಳಿಗ್ಗೆ ಏಳಕ್ಕೆ ಮಾವ ಬಂದು, "ಸ್ನಾನ ಮಾಡು, ಏನೂ ತಿನ್ಬೇಡ" ಎಂದ. ಹಿಂದಿನ ಅಡ್ಡೆಯವನು ಮಗಳ ಮಗುವಿನ ನಾಮಕರಣಕ್ಕೆಂದು ತಿಪಟೂರಿಗೆ ಹೋಗಿದ್ದನಂತೆ. ಹೊತ್ತು ಅಭ್ಯಾಸ ಇರುವ, ಊರಲ್ಲಿ ಇರುವ, ಹೆಗಲು ನೆಟ್ಟಗಿರುವ ಇನ್ನೊಬ್ಬ ಯಾರೂ ಸಿಗಲಿಲ್ಲವಂತೆ.

"ಮಾವ, ಇವತ್ತು ನನ್ನ ಪ್ರಶ್ನೆನೇ ಇದೆಯಲ್ಲ?"

"ಇರ್ಲಿ ಬುಡು. ನೀನೇನು ನಡೆಸ್ತೀಯಾ? ಹೊರೋದು ತಾನೆ."

ಗುಡಿಯ ಮುಂದೆ ಪೂಜಾರಪ್ಪನಿಗೂ ಅದೇ ಅನುಮಾನ ಬಂತು. ಒದ್ದೆ ಪಂಚೆಯುಟ್ಟು ವಿಭೂತಿ ಹಚ್ಚಿಕೊಂಡು ನಿಂತಿದ್ದ ನನ್ನನ್ನು ನೋಡಿ ಅವ್ವನ ಕಡೆ ತಿರುಗಿ, "ಹೊತ್ತವ್ನು ತನ್ನ ಪ್ರಶ್ನೆ ಕೇಳೋ ಹಂಗಿಲ್ಲ ಕಣಮ್ಮ" ಎಂದರು.

"ಅವನೆಲ್ಲಿ ಕೇಳ್ತಾನೆ ಪೂಜಾರಪ್ಪನೋರೇ? ಕೇಳೋಳು ನಾನು. ಅವನು ಬಾಯಿ ಬಿಡಾಕಿಲ್ಲ."

ವಾದದಲ್ಲಿ ಅವ್ವನನ್ನು ಗೆದ್ದವರು ಈವರೆಗೆ ಯಾರೂ ಇಲ್ಲ. ಪೂಜಾರಪ್ಪ ಮಂಗಳಾರತಿ ಎತ್ತಿದರು.

ಮೊದಲು ಬೇರೆಯವರ ಎರಡು ಪ್ರಶ್ನೆ. ತಮಟೆ ಶುರುವಾದ ಅರೆಗಳಿಗೆಯಲ್ಲೇ ಅಡ್ಡೆ ಎದ್ದಿತು. ಹದಿಮೂರು ವರ್ಷದ ಮೇಲೆ ಆ ಭಾರ ಹೆಗಲಿಗೆ ಬಂದಾಗ ನನಗೆ ಆದ ಖುಷಿಯನ್ನು ಹೇಗೆ ಹೇಳಲಿ! ಕಾಲು ತಾನಾಗಿ ಹೆಜ್ಜೆ ಹಾಕಿತು. ಅಮ್ಮನೋರು ಬಲಕ್ಕೆ ವಾಲಿದರೆ ನಾನೂ ವಾಲಿದೆ, ಹಿಂದಕ್ಕೆ ಸರಿದರೆ ಸರಿದೆ. ಒಬ್ಬರಿಗೆ ಹೊಸ ಮನೆಯ ಬಾಗಿಲು ಪೂರ್ವಕ್ಕೆ ಎಂದು ತೋರಿಸಿದ್ದಾಯಿತು, ಇನ್ನೊಬ್ಬರಿಗೆ ಅವರ ಕಳೆದುಹೋದ ಎಮ್ಮೆ ಕೆರೆಯ ಆಚೆ ಇದೆ ಎಂದಾಯಿತು. ಬೆವರು ಕಣ್ಣಿಗೆ ಇಳಿಯುತ್ತಿತ್ತು. ಮುಂದೆ ಮಾವನ ಬೆನ್ನು, ನಡುವೆ ಅಮ್ಮನೋರ ಹಸಿರು ಸೀರೆ, ಮೇಲೆ ತೆಂಗಿನ ಗರಿಗಳ ನಡುವಿನ ಬಿಸಿಲು. ನನ್ನ ಪ್ರಶ್ನೆಯೊಂದು ಇದೆ ಎಂಬುದನ್ನೇ ಮರೆತಿದ್ದೆ.

ಆಗ ಅವ್ವ ಮುಂದೆ ಬಂದು ನೆಲದ ಮೇಲೆ ಎಡಗಡೆಗೆ ಬೀಸಣಿಗೆ, ಬಲಗಡೆಗೆ ಸೋರೆಕಾಯಿ ಇಟ್ಟಳು. ಎರಡರ ಮೇಲೂ ಕುಂಕುಮ, ಒಂದೊಂದು ಸೇವಂತಿಗೆ. ಜನ ಕಿಸಕ್ಕೆಂದರು. ಅವ್ವ ಯಾರ ಕಡೆಗೂ ನೋಡದೆ ಕೈಮುಗಿದು, "ತಾಯಿ, ನನ್ನ ಮಗ ಫ್ಯಾನಿಂದ್ರಲ್ಲಿ ಯಜಮಾನ ಆಗ್ಲಾ, ಜೆಟ್ಟಲ್ಲಿ ಎರಡನೇಯವನಾಗಿ ಹೋಗ್ಲಾ, ನೀನೇ ತೋರ್ಸು" ಎಂದು ಗಟ್ಟಿಯಾಗಿ ಹೇಳಿದಳು. ಇಷ್ಟು ದಿನ ನಾನು ಸುತ್ತಿ ಬಳಸಿ ಹೇಳುತ್ತಿದ್ದುದನ್ನು ಅವಳು ಒಂದೇ ವಾಕ್ಯದಲ್ಲಿ ಹೇಳಿಬಿಟ್ಟಳು.

ತಮಟೆ ಮತ್ತೆ ಶುರುವಾಯಿತು. ನಾನು ಮನಸ್ಸಿನಲ್ಲಿ, ನನ್ನದೇನೂ ಇಲ್ಲ, ನಾನು ಬರೀ ಹೆಗಲು ಎಂದುಕೊಂಡೆ. ಅಷ್ಟರಲ್ಲಿ ಅಡ್ಡೆ ಎಡಕ್ಕೆ ಎಳೆಯಿತು. ಮೆಲ್ಲಗೆ, ಆದರೆ ಅನುಮಾನವೇ ಇಲ್ಲದಂತೆ, ಬೀಸಣಿಗೆಯ ಕಡೆಗೆ. ಆ ಎಳೆತಕ್ಕೆ ಹೆಗಲು ಬಿಟ್ಟುಕೊಡಬೇಕಾದವನು ನಾನು ಏನು ಮಾಡಿದೆನೆಂದರೆ, ಎರಡೂ ಕೈಯಲ್ಲಿ ಅಡ್ಡೆ ಬಿಗಿಹಿಡಿದು, ಹಿಮ್ಮಡಿ ನೆಲಕ್ಕೆ ಊರಿ ನಿಂತುಬಿಟ್ಟೆ. ಯೋಚನೆ ಮಾಡಿ ಮಾಡಿದ್ದಲ್ಲ. ಮೈಯೇ ಹಾಗೆ ಮಾಡಿತು.

ಅಡ್ಡೆ ಕಲ್ಲಾಗಿ ನಿಂತಿತು. ತಮಟೆಯವನು ಜೋರು ಮಾಡಿದ, ನಿಧಾನ ಮಾಡಿದ. ಅಮ್ಮನೋರು ಅಲ್ಲಾಡಲಿಲ್ಲ. ಮಾವ ತಲೆ ತಿರುಗಿಸದೆ, ನನಗೆ ಮಾತ್ರ ಕೇಳುವ ಹಾಗೆ, "ಬುಡ್ಲಾ, ಹಿಡ್ಕಂಡಿದೀಯ" ಎಂದ. ಬಿಡಬೇಕು ಎಂದು ನನಗೂ ಅನಿಸಿತು. ಬೆರಳು ಬಿಡಲಿಲ್ಲ.

ತಮಟೆ ನಿಂತುಹೋಯಿತು. ಪೂಜಾರಪ್ಪ ಗಂಭೀರವಾಗಿ, "ಅಮ್ಮನೋರು ಮುನಿಸ್ಕಂಡವ್ಳೆ. ಏನೋ ತಪ್ಪಾಗೈತೆ. ಹರಕೆ ಗಿರಕೆ ಏನಾದ್ರೂ ಮರ್ತಿದೀಯೇನಮ್ಮ?" ಎಂದು ಅವ್ವನನ್ನು ಕೇಳಿದರು.

ಅವ್ವನ ಮುಖ ಬಿಳುಚಿಕೊಂಡಿತು. ತನ್ನ ತಪ್ಪುಗಳನ್ನು ನೆನಪಿಸಿಕೊಳ್ಳಲು ಶುರುಮಾಡಿದಳು, ಎಲ್ಲರ ಎದುರಿಗೇ. ಹೋದ ಕಾರ್ತಿಕದಲ್ಲಿ ದೀಪಕ್ಕೆ ಬರಲಿಲ್ಲ, ಮಂಡಿ ನೋವಿತ್ತು. ಸೀರೆ ಉಡಿಸುತ್ತೇನೆ ಎಂದು ಹೇಳಿ ಮೂರು ತಿಂಗಳು ತಡ ಮಾಡಿದೆ. ಇವತ್ತು ಹೊಸ ಬೀಸಣಿಗೆ ತಂದೆ, ಸೋರೆಕಾಯಿ ಮಾತ್ರ ಹಿತ್ತಲದ್ದು, ಅದಕ್ಕೇನಾದರೂ ಕೋಪವೋ. ಹೇಳುತ್ತ ಹೇಳುತ್ತ ಅಮ್ಮನೋರ ಕಡೆಗೆ ಕೈಮುಗಿದಳು. "ನನ್ನ ಮ್ಯಾಲಿನ ಸಿಟ್ಟು ಮಗನ ಮ್ಯಾಲೆ ತೀರಿಸ್ಬೇಡ ತಾಯಿ" ಎಂದಳು.

ಅದನ್ನು ನನಗೆ ತಡೆದುಕೊಳ್ಳಲಾಗಲಿಲ್ಲ.

"ಅವ್ವ, ಸುಮ್ನಿರು" ಎಂದೆ. ನನ್ನ ದನಿ ನನಗೇ ಜೋರಾಯಿತು. "ನಿಂದೇನೂ ತಪ್ಪಿಲ್ಲ. ಅಮ್ಮನೋರಿಗೆ ಮುನಿಸೂ ಇಲ್ಲ. ನಾನೇ ಹಿಡ್ಕೊಂಡೆ."

ಪೂಜಾರಪ್ಪ ಜನರನ್ನು ಸರಿಸಿಕೊಂಡು ನನ್ನ ಹತ್ತಿರ ಬಂದರು.

"ಹಿಡ್ಕಂಡ್ಯಾ? ಯಾಕೆ?" ಎಂದರು ಪೂಜಾರಪ್ಪ.

"ಬೀಸಣಿಗೆ ಕಡೆ ಹೋಗ್ತಿತ್ತು. ನನಗೆ ಹೆದರಿಕೆ ಆಯ್ತು."

"ಬೀಸಣಿಗೆಗೆ ಎಂಥಾ ಹೆದ್ರಿಕೆ?"

ಅಡ್ಡೆ ಇನ್ನೂ ಹೆಗಲ ಮೇಲೇ ಇತ್ತು. ಅದನ್ನು ಹೊತ್ತುಕೊಂಡೇ ಎಲ್ಲ ಹೇಳಿದೆ. ಆಷಾಢದ ಆ ಮಧ್ಯಾಹ್ನ, ಗಾಳಿ, ನನ್ನ ಬಾಯಿ ಒಣಗಿದ್ದು, ಕ್ಯಾಪ್ಟನ್ನರ ಕಾಫಿ. ಯಜಮಾನನಾದರೆ ಕೇಳುವುದಕ್ಕೆ ಯಾರೂ ಇರುವುದಿಲ್ಲ, ನಾನು ತಪ್ಪು ಹೇಳಿದರೆ ಹಿಂದೆ ಕೂತ ಎಪ್ಪತ್ತು ಜನರ ಗತಿ ಏನು, ಅದಕ್ಕೇ ಜೆಟ್ಟು ಜೆಟ್ಟು ಎನ್ನುತ್ತಿದ್ದೆ ಎಂದೆ. ಊರಿಗೆಲ್ಲ ಕೇಳಿಸುವಂತೆ ನನ್ನ ಹೇಡಿತನ ಹೇಳಿಕೊಂಡೆ. ಹೇಳಿ ಮುಗಿಸಿದಾಗ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಎಷ್ಟೋ ತಿಂಗಳಿಂದ ಕಟ್ಟಿಕೊಂಡಿದ್ದ ಮೂಗು ಬಿಟ್ಟ ಹಾಗಾಯಿತು.

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಹತ್ತಿರ ಬಂದಳು. "ಎಪ್ಪತ್ತು ಜನ ಹಿಂದೆ ಕೂತ್ಕಂಡ್ರೆ ಹೆದ್ರಿಕೆ ಆಗ್ದಲೆ ಇನ್ನೇನಾಯ್ತದೆ ಕಣಪ್ಪ? ನಾಲ್ಕು ಜನಕ್ಕೆ ಸಾರು ಮಾಡೋವಾಗ್ಲೇ ನಂಗೆ ಉಪ್ಪಿನ ಹೆದ್ರಿಕೆ" ಎಂದಳು. ಯಾರೋ ನಕ್ಕರು. ಆಮೇಲೆ ಎಲ್ಲರೂ ನಕ್ಕರು, ತಮಟೆಯವನೂ.

ಪೂಜಾರಪ್ಪ ಮಾತ್ರ ನಗಲಿಲ್ಲ, ಅವರ ಕೆಲಸ ಅವರಿಗೆ. ಅಡ್ಡೆಯನ್ನು ಇಳಿಸಿ ಕೂರಿಸಿ, "ಹೊತ್ತವ್ನು ಹಿಡ್ಕಂಡಿದ್ದು ತಪ್ಪೇ. ನೂರೊಂದು ಈಡುಗಾಯಿ ಒಡೀಬೇಕು, ಅವನ ಕೈಯಾರೆ" ಎಂದು ತೀರ್ಪು ಕೊಟ್ಟರು.

"ಅಷ್ಟೇನಾ?" ಎಂದ ಮಾವ. "ತೆಂಗಿನ ಸೀಮೇಲಿ ಇದೂ ಒಂದು ಶಿಕ್ಷೆನಾ ಪೂಜಾರಪ್ಪನೋರೇ?"

ಅಪ್ಪನಿಗೆ ಫೋನ್ ಹೋಯಿತು. ಅರ್ಧ ಗಂಟೆಯಲ್ಲಿ ಗೂಡ್ಸ್ ಆಟೋದಲ್ಲಿ ಕಾಯಿ ಬಂದವು, ಮೇಲೆ ಅಪ್ಪ ಕೂತಿದ್ದರು. ಏನು ತಪ್ಪು, ಯಾಕೆ ದಂಡ ಎಂದೂ ಕೇಳಲಿಲ್ಲ; ಇಳಿದವರೇ ಕಾಯಿಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ, ನೀರು ಚೆನ್ನಾಗಿರುವುದನ್ನೇ ನನ್ನ ಕೈಗೆ ಕೊಡುತ್ತ ಹೋದರು. ನಾನು ಬಂಡೆಯ ಮೇಲೆ ಎತ್ತಿ ಒಗೆದೆ. ಮೊದಲ ಹತ್ತಕ್ಕೆ ಭಕ್ತಿ ಇತ್ತು. ಇಪ್ಪತ್ತಕ್ಕೆ ಖುಷಿ ಬಂತು. ಐವತ್ತಾಗುವಷ್ಟರಲ್ಲಿ ಇಡೀ ಊರು ಸೇರಿ ಎಣಿಸುತ್ತಿತ್ತು. ಚೂರುಗಳು ನಾಲ್ಕೂ ಕಡೆಗೆ ಹಾರುತ್ತಿದ್ದವು. ಹುಡುಗರು ಬಗ್ಗಿ ಬಗ್ಗಿ ಆರಿಸಿಕೊಂಡರು, ಹೆಂಗಸರು ಸೆರಗು ಒಡ್ಡಿದರು, ಎಮ್ಮೆ ಕಳೆದುಕೊಂಡವರು ಎಮ್ಮೆಯನ್ನು ಹುಡುಕಲು ಹೋಗುವುದನ್ನೂ ಮರೆತು ಚೂರು ಆಯುತ್ತಿದ್ದರು. ನನ್ನ ಮುಖ, ಎದೆ, ಪಂಚೆ ಎಲ್ಲ ಕಾಯಿನೀರಿನಲ್ಲಿ ನೆನೆದು ಅಂಟಂಟಾಯಿತು. ಬಲಗೈ ಎತ್ತಲು ಆಗದೆ ಕೊನೆಯ ಹತ್ತನ್ನು ಎಡಗೈಯಲ್ಲಿ ಒಡೆದೆ. ಅಷ್ಟು ಸಂತೋಷದ ಶಿಕ್ಷೆಯನ್ನು ನಾನು ಜೀವನದಲ್ಲಿ ಅನುಭವಿಸಿಲ್ಲ. ಅವತ್ತು ಮಧ್ಯಾಹ್ನ ನಮ್ಮೂರಿನ ಪ್ರತಿ ಮನೆಯಲ್ಲೂ ಕಾಯಿ ಚಟ್ನಿ.

ಮುಖ ತೊಳೆಯಲು ಮಾವನೂ ನಾನೂ ಗುಡಿಯ ಹಿಂದಿನ ತೊಟ್ಟಿಗೆ ಹೋದೆವು. ಅವನು ಚೆಂಬಿನಲ್ಲಿ ನನ್ನ ತಲೆಗೆ ನೀರು ಹೊಯ್ಯುತ್ತ, "ಅಲ್ಲ ಕಣ್ಲಾ, ಬೀಸಣಿಗೆ ಕಡೆ ಹೋಗ್ತಿತ್ತು ಅಂದ್ಯಲ್ಲ, ನಿಜವಾ?" ಎಂದ.

"ಹೌದು ಮಾವ. ಸ್ಪಷ್ಟವಾಗಿ ಎಡಕ್ಕೆ ಎಳೀತು. ನಿನಗೆ ಗೊತ್ತಾಗ್ಲಿಲ್ವಾ?"

"ನೀನು ಬಿಗಿ ಹಿಡ್ದಿದ್ದು ಗೊತ್ತಾಯ್ತು." ಅವನು ಚೆಂಬನ್ನು ತೊಟ್ಟಿಯ ಮೇಲಿಟ್ಟ. "ಎಳೆದಿದ್ದು ಗೊತ್ತಾಗ್ಲಿಲ್ಲ. ಅಮ್ಮನೋರು ಎದ್ರೆ ಮೊದ್ಲು ಮುಂದ್ಗಡೆ ಹೆಗಲಿಗೇ ಗೊತ್ತಾಗೋದು. ಇಪ್ಪತ್ತು ವರ್ಷ ಹೊತ್ತಿದೀನಿ. ಇವತ್ತು ನಿನ್ನ ಪ್ರಶ್ನೆಗೆ ಅಮ್ಮನೋರು ಏಳ್ಲೇ ಇಲ್ಲ. ಅತ್ಲಾಗೂ ಇಲ್ಲ, ಇತ್ಲಾಗೂ ಇಲ್ಲ. ಸುಮ್ನೆ ಕೂತಿದ್ಲು."

ನಾನು ನೀರು ಸುರಿಯುತ್ತಿದ್ದ ತಲೆ ಎತ್ತಿದೆ.

"ಹಂಗಾದ್ರೆ ಎಳೆದಿದ್ದು ಯಾರು ಮಾವ?"

"ನನ್ನ ಕೇಳ್ತೀಯಲ್ಲ," ಎಂದ ಮಾವ, ಹೆಗಲ ಮೇಲಿನ ಟವೆಲ್ ನನ್ನ ಮುಖಕ್ಕೆ ಎಸೆಯುತ್ತ. "ಹಿಂದಿನ ಹೆಗಲು ಯಾರ್ದಿತ್ತು?"

ಎಡಕ್ಕೆ ಎಳೆದವನೂ ನಾನೇ, ತಡೆದವನೂ ನಾನೇ. ಆರು ವರ್ಷದಿಂದ ಆ ಸೀಟು ಬೇಕು ಬೇಕು ಎಂದು ಒಳಗೇ ಎಳೆಯುತ್ತಿದ್ದೆ, ಆ ಆಷಾಢದಿಂದ ಬೇಡ ಬೇಡ ಎಂದು ಹಿಮ್ಮಡಿ ಊರಿ ನಿಂತಿದ್ದೆ. ಇದು ಗೊತ್ತಾದ ಕೂಡಲೇ ನನಗೆ ನಗು ಬಂತು. ತೊಟ್ಟಿಯ ಕಟ್ಟೆಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆ. ಮಾವ ಸ್ವಲ್ಪ ಹೊತ್ತು ನೋಡಿ, ತಾನೂ ಕೂತು ನಗತೊಡಗಿದ. ಯಾಕೆ ನಗುತ್ತಿದ್ದೇವೆ ಎಂದು ಇಬ್ಬರಿಗೂ ಸರಿಯಾಗಿ ಗೊತ್ತಿತ್ತು.

ಅಲ್ಲೇ ಕೂತು, ಕೈ ಒರೆಸಿಕೊಂಡು, ಎರಡು ಮೇಲ್ ಬರೆದೆ. ಒಂದು ಜೆಟ್ಟಿನವರಿಗೆ, ನಿಮ್ಮ ವಿಶ್ವಾಸಕ್ಕೆ ಋಣಿ, ಬರಲಾಗುತ್ತಿಲ್ಲ ಎಂದು. ಒಂದು ನನ್ನ ಕಂಪನಿಗೆ, ಕಮಾಂಡ್ ತರಬೇತಿಗೆ ಸಿದ್ಧನಿದ್ದೇನೆ ಎಂದು. ಕಳಿಸುವ ಮುಂಚೆ ಎರಡನೆಯದನ್ನು ಇನ್ನೊಂದು ಸಲ ಓದಿದೆ. ಹೆದರಿಕೆ ಹೋಗಿರಲಿಲ್ಲ, ಇದ್ದಲ್ಲೇ ಇತ್ತು. ಆದರೆ ಅದು ಇದೆ ಎಂದು ಊರಿಗೆಲ್ಲ ಗೊತ್ತಾದ ಮೇಲೆ ಅದನ್ನು ಬಚ್ಚಿಡುವ ಕೆಲಸವೊಂದು ಇತ್ತಲ್ಲ, ಅದು ಇಲ್ಲವಾಗಿತ್ತು. ಬಟನ್ ಒತ್ತಿದೆ. ಗಂಟೆ ಇನ್ನೂ ಹನ್ನೊಂದೂವರೆ.

ಅವ್ವ ಸೆರಗಿನ ತುಂಬ ಕಾಯಿ ಚೂರು ಕಟ್ಟಿಕೊಂಡು ನಮ್ಮನ್ನು ಹುಡುಕಿಕೊಂಡು ಬಂದಳು. ಅವಳ ಮುಖದಲ್ಲಿ ಚಿಂತೆ ಇನ್ನೂ ಇತ್ತು. "ಅಮ್ಮನೋರು ಏನೂ ಹೇಳ್ಲೇ ಇಲ್ವಲ್ಲಪ್ಪ. ಸಂಜೆ ಒಳಗೆ ಇನ್ನೊಂದ್ಸಲ ಕೇಳಾಣ್ವಾ? ಬ್ಯಾರೆ ಯಾರ್ನಾದ್ರೂ ಹೊರಾಕೆ ಹೇಳ್ತೀನಿ."

"ಬೇಡ ಅವ್ವ. ಆಯ್ತು. ಫ್ಯಾನಿಂದೇ ಅಂತ ಬರೆದು ಕಳಿಸ್ದೆ."

"ಕಳಿಸ್ದಾ? ಯಾರ್ನ ಕೇಳಿ ಕಳಿಸ್ದೆ?"

"ಯಾರ್ನೂ ಕೇಳ್ಲಿಲ್ಲ."

ಅವರೆಕಾಳು ಬಿತ್ತುವುದಕ್ಕೂ ಅಪ್ಪಣೆ ಕೇಳುವ ಹೆಂಗಸು ಅವಳು, ಬಯ್ಯುತ್ತಾಳೆ ಎಂದುಕೊಂಡೆ. ಸೆರಗಿನಿಂದ ಒಂದು ದೊಡ್ಡ ಚೂರು ತೆಗೆದು ನನ್ನ ಬಾಯಿಗೆ ತುರುಕಿದಳು. "ಅಂಗನವಾಡಿಗೆ ಹೋಗೋವಾಗ ಚಪ್ಪಲಿ ಯಾವ ಕಾಲಿಗೆ ಯಾವ್ದು ಅಂತ್ಲೂ ಕೇಳೇ ಹಾಕ್ಕಳೋನು ನೀನು" ಎಂದಳು. "ಯಾರ್ನೂ ಕೇಳ್ದೆ ಮಾಡಿದ್ದು ಇದೇ ಮೊದ್ಲು ಕಣಪ್ಪ."

ಬಾಯಿ ತುಂಬ ಕಾಯಿ ಇತ್ತು. ನಾನು ಹೌದೆಂದು ತಲೆ ಆಡಿಸಿದೆ.